ಮಸೂದೆಯೊಳಗೆ ನಮ್ಮ ತಾಲೂಕು

ಕಳೆದ ವರುಷ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ನಕಾಶೆಯ ಪಾಠ ನಡೆದಿತ್ತು. ಗೋಡೆಗೆ ತೂಗುಹಾಕಿದ ಮಹಾರಾಷ್ಟ್ರದ ನಕಾಶೆಯಲ್ಲಿ ಲಾತೂರು ಜಿಲ್ಲೆಯನ್ನು ತೋರಿಸಿ, ಅದರ ತೆಂಕಣ ಅಂಚಿನಲ್ಲಿ ಔರಾದ ಶಹಾಜನಿ ಇರುವ ಎಡೆಗೆ ಕೋಲು ಊರಿದ್ದೆನು. ಆಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಗುರುಜಿ, ನಮ್ಮವ್ವನ ತವರುಮನಿ ಭಾಲ್ಕಿ ತಾಲೂಕಿನ್ಯಾಗ ಅದ. ಅದು ಕರ್ನಾಟಕ, ನಮ್ಮೂರು ಮಹಾರಾಷ್ಟ್ರ. ಹಿಂಗ ಮಾಡುವಾಗ ನಮ್ಮೂರವರನ್ನ ಯಾರರ ಕೇಳಿದ್ರೇನ್ರಿ?” ಎಂದು ಕೇಳಿದನು. “ಕಾಯದೆಯಿಂದ ಆಯಿತು” ಎಂದು ಹೇಳಿ ಪಾಠವನ್ನು ಮುಂದುವರಿಸಿದೆನು. ಉತ್ತರವೇನೋ ಸುಳ್ಳಾಗಿರಲಿಲ್ಲ, ಆದರೆ ಹುಡುಗನು ಕೇಳಿದ್ದು ಅದನ್ನಲ್ಲ. ಆ ಕಾಯದೆಯು ಕಾಯದೆಯಾಗುವ ಮುನ್ನ ಮಸೂದೆಯಾಗಿದ್ದಿತಷ್ಟೆ? ಆ ಮಸೂದೆಯನ್ನು ಯಾರು ಓದಿದರು, ಯಾರನ್ನು ಕೇಳಿದರು, ಯಾವ ಮಾತು ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ನಾನೇ ಸರಿಯಾಗಿ ತಿಳಿದಿರಲಿಲ್ಲ. ಅನಂತರ ಬಿಡುವಿನ ದಿನಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನನ್ನ ಸಹೋದ್ಯೋಗಿಗಳ ಮುಂದೆಯೂ ದೊಡ್ಡ ಇಯತ್ತೆಗಳ ವಿದ್ಯಾರ್ಥಿಗಳ ಮುಂದೆಯೂ ಇಡುತ್ತಿದ್ದೇನೆ.

ನಮ್ಮ ನೆರೆಹೊರೆಯಲ್ಲಿ ಔರಾದವೆಂಬ ಹೆಸರಿನ ಎರಡು ಊರುಗಳಿರುವದನ್ನು ವಾಚಕರು ಬಲ್ಲರು. ಒಂದು ನಿಲಂಗಾ ತಾಲೂಕಿನ ಔರಾದ ಶಹಾಜನಿ. ಇನ್ನೊಂದು ಬೀದರ ಜಿಲ್ಲೆಯಲ್ಲಿ ತಾಲೂಕಿನ ಸ್ಥಳವಾಗಿರುವ ಔರಾದ. ದೂರದವರು ಒಂದನ್ನು ಇನ್ನೊಂದೆಂದು ತಿಳಿಯುವದುಂಟು. ೧೯೫೬ನೆಯ ಇಸವಿಯ ಅಕ್ಟೋಬರ ೩೧ರ ರಾತ್ರಿಯವರೆಗೆ ಈ ಎರಡು ಊರುಗಳೂ ಒಂದೇ ಬೀದರ ಜಿಲ್ಲೆಯಲ್ಲಿ, ಒಂದೇ ಹೈದರಾಬಾದ ರಾಜ್ಯದಲ್ಲಿ ಇದ್ದವು. ಮರುದಿನ ಬೆಳಗಾದಾಗ ಒಂದು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿತ್ತು, ಇನ್ನೊಂದು ಮೈಸೂರು ರಾಜ್ಯದ್ದಾಗಿತ್ತು. ಹೊಲ ಕದಲಲಿಲ್ಲ, ಹೊಳೆ ಕದಲಲಿಲ್ಲ, ಬಾವಿಯ ಮೇಲಿನ ಮಾತೂ ಬದಲಾಗಲಿಲ್ಲ. ಬದಲಾದದ್ದು ಕಾಗದದ ಮೇಲಿನ ಮೂರು ತಾಲೂಕುಗಳ ಹೆಸರು ನಿಂತ ಸ್ಥಾನ.

ಮೊದಲು ಮಸೂದೆಯೆಂಬ ಶಬ್ದವನ್ನೇ ನೋಡೋಣ. ಇದು ಅರಬ್ಬಿ ಮೂಲದ್ದು. ಉರ್ದುವಿನ ದಾರಿಯಿಂದ ನಮ್ಮ ಕಚೇರಿಗಳಿಗೆ ಬಂದದ್ದು. ಕಪ್ಪು ಎಂಬ ಅರ್ಥದ ಧಾತುವಿನಿಂದ ಹುಟ್ಟಿ, ಮಸಿಯಿಂದ ಕಪ್ಪಾದ ಹಾಳೆ, ಎಂದರೆ ಇನ್ನೂ ತಿದ್ದಬೇಕಾಗಿರುವ ಕರಡು, ಎಂಬ ಅರ್ಥವನ್ನು ಪಡೆದಿದೆ. ನಮ್ಮ ಅಜ್ಜಂದಿರ ಕಾಲದ ಹೈದರಾಬಾದ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದುವೇ ಆಗಿದ್ದುದರಿಂದ ಈ ಶಬ್ದವು ನಮ್ಮ ಕಡೆಯವರಿಗೆ ಹೊಸದಲ್ಲ. ಮರಾಠಿಯಲ್ಲಿ ಇದನ್ನೇ ವಿಧೇಯಕವೆನ್ನುತ್ತಾರೆ. ನಮ್ಮ ಶಬ್ದವೇ ನನಗೆ ಹೆಚ್ಚು ಹಿಡಿಸುವದು. ತಿದ್ದಲು ಇನ್ನೂ ಎಡೆಯಿದೆಯೆಂಬುದನ್ನು ಅದು ಹೆಸರಿನಲ್ಲಿಯೇ ಹೇಳುತ್ತದೆ.

ಇನ್ನು ಕಥೆಗೆ ಬರೋಣ. ಭಾರತ ಸರಕಾರವು ೧೯೫೩ರ ಡಿಸೆಂಬರ ೨೯ರಂದು ರಾಜ್ಯ ಪುನರ್ರಚನಾ ಆಯೋಗವನ್ನು ನೇಮಿಸಿತು. ಸೈಯದ ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರೂ ಹಾಗೂ ಸರದಾರ ಕೆ. ಎಂ. ಪಣಿಕ್ಕರ ಅವರು ಸದಸ್ಯರು. ೧೯೫೫ರ ಸಪ್ಟೆಂಬರ ೩೦ರಂದು ಅವರು ತಮ್ಮ ವರದಿಯನ್ನು ಒಪ್ಪಿಸಿದರು. ಈ ವರದಿಯಲ್ಲಿ ಬೀದರ ಜಿಲ್ಲೆಗೆ ವಿಧಿಸಿದ ಗತಿಯನ್ನು ಇಂದಿನ ನಮ್ಮ ಮಕ್ಕಳು ಕೇಳಿದರೆ ಬೆರಗಾದಾರು. ಗುಲಬುರ್ಗಾ, ರಾಯಚೂರು ಜಿಲ್ಲೆಗಳು ಕರ್ನಾಟಕಕ್ಕೆ, ಉಸ್ಮಾನಾಬಾದ ಮೊದಲಾದ ಮರಾಠವಾಡಾ ಜಿಲ್ಲೆಗಳು ಮುಂಬಯಿಗೆ ಎಂದು ಹೇಳಿದ ಆಯೋಗವು ಬೀದರವನ್ನು ಮಾತ್ರ ಒಡೆಯದೆ, ತೆಲುಗು ಜಿಲ್ಲೆಗಳೊಡನೆ ಉಳಿಯಲಿದ್ದ ಹೈದರಾಬಾದ ರಾಜ್ಯದಲ್ಲಿಯೇ ಇರಿಸಬೇಕೆಂದು ಸೂಚಿಸಿತು. ಆ ಮಾತು ಹಾಗೆಯೇ ನಡೆದಿದ್ದರೆ ನಮ್ಮ ಔರಾದವೂ ಅವರ ಔರಾದವೂ, ಉದಗೀರವೂ ಭಾಲ್ಕಿಯೂ ಹೈದರಾಬಾದಿಗೇ ಸೇರಿರುತ್ತಿದ್ದವು. ಉಮರ್ಗಾದ ಗತಿ ಬೇರೆ. ಅದು ಮೊದಲಿನಿಂದಲೂ ಉಸ್ಮಾನಾಬಾದ ಜಿಲ್ಲೆಯದಾದುದರಿಂದ ಆ ಜಿಲ್ಲೆಯೊಡನೆ ಮುಂಬಯಿಯ ಕಡೆಗೆ ಹೋಗುವದು ಆಗಲೇ ನಿಶ್ಚಿತವಾಗಿತ್ತು.

ಆಯೋಗವು ಹೀಗೇಕೆ ಹೇಳಿತು? ಬೀದರ ಜಿಲ್ಲೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಈ ನಾಲ್ಕೂ ಭಾಷೆಗಳನ್ನಾಡುವವರು ದೊಡ್ಡ ಸಂಖ್ಯೆಯಲ್ಲಿದ್ದರು. ಮರಾಠಿಯವರು ಎಲ್ಲರಿಗಿಂತ ಹೆಚ್ಚು, ಅವರ ನಂತರ ಕನ್ನಡದವರು. ಆದರೆ ಯಾವ ಒಂದು ಭಾಷೆಗೂ ಅರ್ಧ ಪಾಲಿರಲಿಲ್ಲ. ಹೀಗಿರಲು ಜಿಲ್ಲೆಯನ್ನು ಯಾರಿಗೆ ಕೊಟ್ಟರೂ ಉಳಿದವರಿಗೆ ಅಸಮಾಧಾನವೇ. ಇದ್ದಂತೆ ಇರಲಿ ಎನ್ನುವದೂ ಒಂದು ತೀರ್ಪೇ ಸರಿ. ಆದರೆ ಆಯೋಗದ ವರದಿಯೆಂಬುದು ಸಲಹೆ ಮಾತ್ರ, ಕಾಯದೆಯಲ್ಲ. ವರದಿಯು ಕೈಸೇರಿದ ದಿನದಿಂದ ಕಾಯದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನದವರೆಗೆ ಹನ್ನೊಂದು ತಿಂಗಳು ಕಳೆದವು. ನಮ್ಮ ತಾಲೂಕಿನ ದಿಕ್ಕು ತಿರುಗಿದ್ದು ಆ ಹನ್ನೊಂದು ತಿಂಗಳಲ್ಲಿ.

ಈಗ ಹುಡುಗನ ಪ್ರಶ್ನೆಯ ತಿರುಳಿಗೆ ಬರೋಣ: ಕೇಳಿದರೋ ಇಲ್ಲವೋ? ನಮ್ಮ ಸಂವಿಧಾನದ ೩ನೆಯ ಅನುಚ್ಛೇದದ ಪ್ರಕಾರ ಹೊಸ ರಾಜ್ಯವನ್ನು ಮಾಡುವ, ಇದ್ದ ರಾಜ್ಯದ ಎಲ್ಲೆಯನ್ನು ಬದಲಿಸುವ ಅಧಿಕಾರ ಸಂಸತ್ತಿನದು, ರಾಜ್ಯದ ವಿಧಾನಸಭೆಯದಲ್ಲ. ಆದರೆ ಅಂಥ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸುವ ಮುನ್ನ ರಾಷ್ಟ್ರಪತಿಗಳು ಅದನ್ನು ಸಂಬಂಧಪಟ್ಟ ರಾಜ್ಯದ ವಿಧಾನಮಂಡಲಕ್ಕೆ ಕಳಿಸಿ ಅಭಿಪ್ರಾಯವನ್ನು ಕೇಳಬೇಕು. ೧೯೫೫ರ ಡಿಸೆಂಬರದಲ್ಲಿ, ಎಂದರೆ ಈ ದೊಡ್ಡ ಮಸೂದೆಯು ಬರುವ ಕೆಲವೇ ತಿಂಗಳುಗಳ ಮುನ್ನ, ಐದನೆಯ ತಿದ್ದುಪಡಿಯಿಂದ ಇದಕ್ಕೆ ಒಂದು ಗಡುವನ್ನು ಸೇರಿಸಿದರು. ರಾಷ್ಟ್ರಪತಿಗಳು ಗೊತ್ತುಪಡಿಸಿದ ಅವಧಿಯೊಳಗೆ ವಿಧಾನಮಂಡಲವು ಅಭಿಪ್ರಾಯವನ್ನು ತಿಳಿಸಬೇಕು; ತಿಳಿಸದಿದ್ದರೆ ಅದಕ್ಕಾಗಿ ಸಂಸತ್ತು ಕಾಯಬೇಕಾಗಿಲ್ಲ. ಹುಡುಗರಿಗೆ ಗಡುವು ಕೊಟ್ಟು ಗಣಿತ ಮಾಡಿಸುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪಾಲಿನ ವಿಧಾನಸಭೆಯು ಆಗ ಹೈದರಾಬಾದ ನಗರದಲ್ಲಿತ್ತು. ೧೯೫೨ರ ಚುನಾವಣೆಯಲ್ಲಿ ಆರಿಸಿಬಂದ ಸಭೆ ಅದು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳು. ತೆಲುಗು, ಮರಾಠಿ, ಕನ್ನಡ ಜಿಲ್ಲೆಗಳ ಪ್ರತಿನಿಧಿಗಳೆಲ್ಲರೂ ಒಂದೇ ಮಾಡಿನ ಕೆಳಗೆ ಕುಳಿತಿದ್ದರು. ಆಯೋಗದ ವರದಿಯನ್ನು ಈ ಸಭೆ ೧೯೫೫ರ ಕೊನೆಯಲ್ಲಿ ಚರ್ಚಿಸಿತು. ತಮ್ಮ ರಾಜ್ಯವೇ ಇಲ್ಲವಾಗುವ ವಿಷಯವನ್ನು ಆ ರಾಜ್ಯದ ಶಾಸಕರೇ ಕುಳಿತು ಚರ್ಚಿಸುವ ಪ್ರಸಂಗ ಇತಿಹಾಸದಲ್ಲಿ ಪದೇ ಪದೇ ಬರುವಂಥದಲ್ಲ. ಮರಾಠಿ ಹಾಗೂ ಕನ್ನಡ ಭಾಗದ ಸದಸ್ಯರಲ್ಲಿ ಬಹು ಮಂದಿ ಹೈದರಾಬಾದ ರಾಜ್ಯವನ್ನು ಭಾಷೆಯ ಮೇರೆಗೆ ವಿಂಗಡಿಸುವದನ್ನೇ ಬಯಸಿದರು. ಆದುದರಿಂದ ಹುಡುಗನ ಪ್ರಶ್ನೆಗೆ ಮೊದಲನೆಯ ಉತ್ತರವಿದು: ಊರನ್ನು ಕೇಳಲಿಲ್ಲ, ಊರು ಆರಿಸಿದವರನ್ನು ಕೇಳಿದರು. ಅವರು ಹೇಳಿದ್ದೂ ಅಭಿಪ್ರಾಯ ಮಾತ್ರ, ಅಪ್ಪಣೆಯಲ್ಲ.

ರಾಜ್ಯ ಪುನರ್ರಚನೆಯ ಮಸೂದೆಯು ೧೯೫೬ರ ಏಪ್ರಿಲ ೧೮ರಂದು ಲೋಕಸಭೆಯಲ್ಲಿ ಮಂಡಿತವಾಯಿತು. ಅಲ್ಲಿಂದ ಎರಡೂ ಸದನಗಳ ಸಂಯುಕ್ತ ಸಮಿತಿಗೆ ಹೋಯಿತು. ಸಮಿತಿಯು ಜುಲೈ ೧೬ರಂದು ವರದಿಯನ್ನೊಪ್ಪಿಸಿತು. ಸಂಸತ್ತು ಅಂಗೀಕರಿಸಿದ ಮೇಲೆ ಅಗಸ್ಟ ೩೧ರಂದು ರಾಷ್ಟ್ರಪತಿಗಳ ಅಂಕಿತವಾಗಿ, ನವೆಂಬರ ೧ರಿಂದ ಕಾಯದೆಯು ಜಾರಿಗೆ ಬಂದಿತು.

ಆ ಕಾಯದೆಯ ೭ನೆಯ ಕಲಮು ಹೊಸ ಮೈಸೂರು ರಾಜ್ಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ಬೀದರ ಜಿಲ್ಲೆಯ ಹೆಸರು ಬರುತ್ತದೆ. ಆದರೆ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನೂ ಆಂಧ್ರಕ್ಕೆ ಹೋಗುವ ಭಾಗಗಳನ್ನೂ ಬಿಟ್ಟು ಎಂಬ ಷರತ್ತಿನೊಡನೆ. ಮುಂದಿನ ೮ನೆಯ ಕಲಮು ಮುಂಬಯಿ ರಾಜ್ಯದ್ದು. ಅಲ್ಲಿ ಇದೇ ಮೂರು ತಾಲೂಕುಗಳು ಸೇರ್ಪಡೆಯಾಗಿ ಕಾಣಿಸಿಕೊಳ್ಳುತ್ತವೆ. ಅವು ಉಸ್ಮಾನಾಬಾದ ಜಿಲ್ಲೆಗೆ ಕೂಡಿದವು. ಒಂದು ಕಲಮಿನಲ್ಲಿ ‘ಬಿಟ್ಟು’, ಮುಂದಿನದರಲ್ಲಿ ‘ಸೇರಿಸಿ’. ನಮ್ಮ ಊರಿನ ಹೆಸರು ಇಡೀ ಕಾಯದೆಯಲ್ಲಿ ಎಲ್ಲಿಯೂ ಇಲ್ಲ. ನಿಲಂಗಾ ಎಂಬ ಒಂದು ಶಬ್ದದ ಒಳಗೆ ಔರಾದ ಶಹಾಜನಿಯೂ ಅದರ ಸುತ್ತಲಿನ ಹಳ್ಳಿಗಳೂ ಅಡಗಿವೆ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಂಧ್ರಕ್ಕೆ ಸೇರಿದ ಭಾಗವನ್ನು ೩ನೆಯ ಕಲಮಿನಲ್ಲಿ ವಿವರಿಸುವಾಗ ಅಳತೆಗೋಲು ತಾಲೂಕಿಗಿಂತ ಚಿಕ್ಕದಾಗಿದೆ. ಜಹೀರಾಬಾದ ತಾಲೂಕನ್ನು ಕೊಡುವಾಗ ಅದರ ನಿರ್ಣಾ ಸರ್ಕಲ್ಲನ್ನು ಬಿಡಲಾಗಿದೆ. ಬೀದರ ತಾಲೂಕಿನಿಂದ ನ್ಯಾಲಕಲ್ ಸರ್ಕಲ್ಲನ್ನು ಮಾತ್ರ ಎತ್ತಿ ಕೊಡಲಾಗಿದೆ. ನಾರಾಯಣಖೇಡ ತಾಲೂಕು ಇಡಿಯಾಗಿ ಹೋಗಿದೆ. ಸರ್ಕಲ್ಲೆಂದರೆ ಕಂದಾಯದ ಅಧಿಕಾರಿಯೊಬ್ಬನ ಕೈಕೆಳಗಿನ ಕೆಲವು ಹಳ್ಳಿಗಳ ಗುಂಪು. ಎಂದ ಮೇಲೆ ಜಿಲ್ಲೆಯ ಮೂಡಣ ಅಂಚಿನಲ್ಲಿ ಸರ್ಕಲ್ಲುಗಳವರೆಗೆ ಇಳಿದು ನೋಡಿದ ಕಾಯದೆಯು ಪಡುವಣ ಅಂಚಿನಲ್ಲಿ, ನಮ್ಮ ಕಡೆಯಲ್ಲಿ, ತಾಲೂಕಿಗೇ ನಿಂತಿತು. ಇಡಿಯಾಗಿ ನೋಡಿದರೆ ಈ ಮೂರು ತಾಲೂಕುಗಳಲ್ಲಿ ಮರಾಠಿಯವರೇ ಹೆಚ್ಚೆಂಬುದನ್ನು ನಾನು ಅಲ್ಲಗಳೆಯುವದಿಲ್ಲ. ಅವು ಮರಾಠಿ ರಾಜ್ಯಕ್ಕೆ ಸೇರಿದ್ದರಲ್ಲಿ ಅನ್ಯಾಯವಾಯಿತೆಂದೂ ವಾದಿಸುವದಿಲ್ಲ. ಆದರೆ ತಾಲೂಕನ್ನು ಅಳತೆಯಾಗಿ ಹಿಡಿದಾಗ ಅಂಚಿನ ಹಳ್ಳಿಯ ಮನೆಮಾತು ಯಾವ ಲೆಕ್ಕಕ್ಕೂ ಬರುವದಿಲ್ಲ. ಗೆರೆಯ ಆಚೆ ಉಳಿದ ಮರಾಠಿ ಹಳ್ಳಿಗಳಿಗೂ ಇದೇ ಮಾತು ಸಲ್ಲುತ್ತದೆ. ಭಾಲ್ಕಿಯ ಕಡೆಯ ಮರಾಠಿ ಶಾಲೆಯ ಮಾಸ್ತರರು ಈ ಲೇಖನವನ್ನು ಓದಿದರೆ ನನ್ನೊಡನೆ ತಲೆದೂಗಿಯಾರೆಂದು ನಂಬಿದ್ದೇನೆ.

ಮಸೂದೆಯು ನಡುದಾರಿಯಲ್ಲಿ ಎಷ್ಟು ಬದಲಾಗಬಲ್ಲದೆಂಬುದಕ್ಕೆ ಇದೇ ಮಸೂದೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಏಪ್ರಿಲದಲ್ಲಿ ಮಂಡಿತವಾದಾಗ ಅದರ ೮, ೯, ೧೦ನೆಯ ಕಲಮುಗಳಲ್ಲಿ ಮೂರು ಬೇರೆ ಬೇರೆ ಘಟಕಗಳಿದ್ದವು: ಕೇಂದ್ರದ ಆಡಳಿತಕ್ಕೆ ಒಳಪಟ್ಟ ಮುಂಬಯಿ ನಗರ, ಮರಾಠವಾಡಾ ಹಾಗೂ ವಿದರ್ಭಗಳನ್ನೊಳಗೊಂಡ ಮಹಾರಾಷ್ಟ್ರ, ಸೌರಾಷ್ಟ್ರ ಹಾಗೂ ಕಚ್ಛಗಳನ್ನೊಳಗೊಂಡ ಗುಜರಾತ. ಸಂಸತ್ತಿನಿಂದ ಹೊರಬಿದ್ದಾಗ ಮೂರೂ ಕೂಡಿ ಒಂದೇ ದ್ವಿಭಾಷಿಕ ಮುಂಬಯಿ ರಾಜ್ಯವಾಗಿತ್ತು! ಬದಲಾದ ರೂಪವನ್ನು ಮುಂಬಯಿ ವಿಧಾನಮಂಡಲಕ್ಕೆ ಮತ್ತೆ ಕಳಿಸಲಿಲ್ಲವೆಂದು ಬಾಬುಲಾಲ ಪರಾತೆ ಎಂಬವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು ೧೯೫೯ರ ಅಗಸ್ಟ ೨೮ರಂದು ಅವರ ಮನವಿಯನ್ನು ತಳ್ಳಿಹಾಕಿತು. ಮೊದಲು ಒಮ್ಮೆ ಅಭಿಪ್ರಾಯ ಕೇಳಿದರೆ ಸಾಕು. ಆಮೇಲೆ ಸಂಸತ್ತು ಮಾಡುವ ಪ್ರತಿಯೊಂದು ತಿದ್ದುಪಡಿಗೂ ಮತ್ತೆ ಕೇಳಬೇಕಾಗಿಲ್ಲ. ಹೇಳಿದ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬಿದ್ದುದೂ ಅಲ್ಲ ಎಂಬುದು ಆ ತೀರ್ಪಿನ ಸಾರ. ಈ ತತ್ತ್ವದ ಬಲವು ೨೦೧೪ರಲ್ಲಿ ನಮ್ಮ ಮೂಡಣ ನೆರೆಯಲ್ಲಿಯೇ ಕಂಡುಬಂದಿತು. ಆಂಧ್ರ ಪ್ರದೇಶದ ವಿಧಾನಸಭೆಯು ರಾಜ್ಯವನ್ನು ಒಡೆಯುವ ಮಸೂದೆಯನ್ನು ಜನವರಿ ೩೦ರಂದು ನಿರಾಕರಿಸಿದರೂ ಸಂಸತ್ತು ಫೆಬ್ರುವರಿಯಲ್ಲಿ ಅದನ್ನು ಅಂಗೀಕರಿಸಿತು. ಜೂನ ೨ರಂದು ತೆಲಂಗಾಣ ರಾಜ್ಯವಾಯಿತು. ಜಹೀರಾಬಾದವೂ ನಾರಾಯಣಖೇಡವೂ ಇಂದು ತೆಲಂಗಾಣದಲ್ಲಿವೆ. ಹಳೆಯ ಬೀದರ ಜಿಲ್ಲೆಯು ಹೀಗೆ ಈಗ ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ.

ದ್ವಿಭಾಷಿಕ ಮುಂಬಯಿ ರಾಜ್ಯವು ಬಹಳ ಕಾಲ ಬಾಳಲಿಲ್ಲ. ೧೯೬೦ರ ಮೇ ೧ರಂದು ಮಹಾರಾಷ್ಟ್ರ, ಗುಜರಾತಗಳು ಬೇರೆಯಾದವು. ೧೯೮೨ರ ಅಗಸ್ಟದಲ್ಲಿ ಉಸ್ಮಾನಾಬಾದ ಜಿಲ್ಲೆಯು ಒಡೆದು ಲಾತೂರು ಜಿಲ್ಲೆಯಾಯಿತು. ನಮ್ಮ ಅಜ್ಜನು ಇದನ್ನೆಲ್ಲ ಒಂದು ಮಾತಿನಲ್ಲಿ ಹೇಳುತ್ತಿದ್ದನು: “ಹೊಸ್ತಿಲ ದಾಟಲಿಲ್ಲ, ಮೂರು ರಾಜ್ಯ ತಿರುಗಿ ಬಂದೆ.” ಅವನ ಪೆಟ್ಟಿಗೆಯಲ್ಲಿ ಹೊಲದ ಕಾಗದಗಳು ಉರ್ದುವಿನಲ್ಲಿದ್ದವು, ಮೇಲಿನವು ಮರಾಠಿಯಲ್ಲಿ, ಬಾಯಲ್ಲಿ ಮಾತ್ರ ಕನ್ನಡ. ಅವನ ಪೀಳಿಗೆಯ ರೈತರಿಗೆ ರಾಜ್ಯ ಯಾವುದೆಂಬುದಕ್ಕಿಂತ ದೊಡ್ಡದಾಗಿ ಕಾಡಿದ ಪ್ರಶ್ನೆ, ಗೆರೆ ಬದಲಾದಾಗ ಹೊಲದ ಹಕ್ಕೂ ಬದಲಾದೀತೇ ಎಂಬುದು. ಕಾಯದೆಯು ಇದಕ್ಕೆ ೧೧೯ನೆಯ ಕಲಮಿನಲ್ಲಿ ಉತ್ತರ ಕೊಟ್ಟಿದೆ: ಊರು ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಅಲ್ಲಿನ ಹಳೆಯ ಕಾಯದೆಗಳು ಅಳಿಯುವದಿಲ್ಲ; ಅಧಿಕಾರವುಳ್ಳವರು ಬದಲಿಸುವವರೆಗೆ ಅವು ನಡೆಯುತ್ತವೆ. ೧೯೫೦ರ ಹೈದರಾಬಾದ ಗೇಣಿ ಹಾಗೂ ಕೃಷಿಭೂಮಿ ಕಾಯದೆಯು ಹೈದರಾಬಾದ ರಾಜ್ಯವು ಅಳಿದ ಮೇಲೆಯೂ ಮರಾಠವಾಡಾದಲ್ಲಿ ನಿಂತದ್ದು ಈ ಕಾರಣದಿಂದ. ರಾಜ್ಯ ಸತ್ತರೂ ಅದರ ಕಾಯದೆ ಬದುಕುತ್ತದೆ ಎಂದರೆ ಮಕ್ಕಳು ನಗುತ್ತಾರೆ. ಆದರೆ ಮಾತು ನಿಜ.

ಆ ಗೆರೆಯು ನಮ್ಮ ಶಾಲೆಗಳಿಗೆ ಏನು ಮಾಡಿತೆಂಬುದು ಇನ್ನೂ ಹತ್ತಿರದ ವಿಷಯ. ರಾಜ್ಯ ಪುನರ್ರಚನೆಯ ಕಾಯದೆಯ ಜೊತೆಜೊತೆಗೇ ಸಂವಿಧಾನದ ಏಳನೆಯ ತಿದ್ದುಪಡಿಯೂ ನಡೆದು, ಅದೇ ನವೆಂಬರ ೧ರಿಂದ ಜಾರಿಗೆ ಬಂದಿತು. ಗೆರೆಗಳನ್ನೆಳೆದ ಕೈಗಳೇ, ಗೆರೆಯ ತಪ್ಪು ಮಗ್ಗುಲಲ್ಲಿ ಉಳಿಯುವ ಮಕ್ಕಳನ್ನು ನೆನೆದು, ೩೫೦-ಎ ಎಂಬ ಅನುಚ್ಛೇದವನ್ನು ಸೇರಿಸಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯಲು ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಅಲ್ಲಿನ ಸ್ಥಳೀಯ ಸಂಸ್ಥೆಗಳೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಅದರ ಮುಂದಿನ ೩೫೦-ಬಿ ಈ ರಕ್ಷಣೆಗಳನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯೊಬ್ಬರನ್ನು ರಾಷ್ಟ್ರಪತಿಗಳು ನೇಮಿಸಬೇಕೆನ್ನುತ್ತದೆ. ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಡೆಯುತ್ತಿರುವದು, ಪುಣೆಯ ಬಾಲಭಾರತಿಯು ಮರಾಠಿ, ಉರ್ದು, ಗುಜರಾತಿಗಳ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತಿರುವದು ಯಾರೊಬ್ಬರ ಔದಾರ್ಯವೂ ಅಲ್ಲ; ಅದಕ್ಕೆ ಸಂವಿಧಾನದ ಆಧಾರವಿದೆ. ‘ಯತ್ನಿಸಬೇಕು’ ಎಂಬ ಶಬ್ದ ಮಾತ್ರ ನನಗೆ ತುಸು ಮೆತ್ತಗೆ ತೋರುತ್ತದೆ. ಮನೆಪಾಠವನ್ನು ಮಾಡಲು ಯತ್ನಿಸು ಎಂದರೆ ಎಷ್ಟು ಹುಡುಗರು ಮಾಡಿ ತರುವರೆಂಬುದನ್ನು ಶಿಕ್ಷಕರು ಬಲ್ಲರು.

ಇಲ್ಲಿಯವರೆಗೆ ದಿಲ್ಲಿಯ ಮಸೂದೆಯ ಕಥೆಯಾಯಿತು. ನಮ್ಮ ದಿನನಿತ್ಯದ ಜೀವನವನ್ನು ಹೆಚ್ಚಾಗಿ ಮುಟ್ಟುವವು ಮುಂಬಯಿಯಲ್ಲಿ, ಚಳಿಗಾಲದಲ್ಲಿ ನಾಗಪುರದಲ್ಲಿ, ಸೇರುವ ನಮ್ಮದೇ ವಿಧಾನಮಂಡಲದ ಮಸೂದೆಗಳು. ಅಲ್ಲಿ ೨೮೮ ಸದಸ್ಯರ ವಿಧಾನಸಭೆ, ೭೮ ಸದಸ್ಯರ ವಿಧಾನ ಪರಿಷತ್ತು ಹೀಗೆ ಎರಡು ಸದನಗಳಿವೆ. ಮಂತ್ರಿಯಾಗಲಿ ಸಾಮಾನ್ಯ ಸದಸ್ಯನಾಗಲಿ ಮಸೂದೆಯನ್ನು ಮಂಡಿಸಬಹುದು. ಮೊದಲು ಅದರ ಉದ್ದೇಶದ ಮೇಲೆ ಚರ್ಚೆ, ಆಮೇಲೆ ಒಂದೊಂದೇ ಕಲಮಿನ ಮೇಲೆ ತಿದ್ದುಪಡಿ, ಕೊನೆಗೆ ಇಡಿಯ ಮಸೂದೆಗೆ ಮತ. ಹಣಕಾಸಿನದನ್ನುಳಿದು ಬೇರೆ ಮಸೂದೆ ಯಾವ ಸದನದಲ್ಲಿಯೂ ಮೊದಲಾಗಬಹುದು. ಆದರೆ ವಿಧಾನಸಭೆಯು ಒಪ್ಪಿ ಕಳಿಸಿದ್ದನ್ನು ಪರಿಷತ್ತು ಮೊದಲು ಮೂರು ತಿಂಗಳು, ಮತ್ತೆ ಬಂದರೆ ಒಂದು ತಿಂಗಳು ತಡೆಯಬಹುದೇ ಹೊರತು ಕೊಲ್ಲಲಾರದು. ಅನಂತರ ರಾಜ್ಯಪಾಲರ ಅಂಕಿತ, ರಾಜಪತ್ರದಲ್ಲಿ ಪ್ರಕಟಣೆ. ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳಿಂದ ೭ ಮಂದಿ ಆರಿಸಿಬರುತ್ತಾರೆಂದು ಕೇಳಿ ನಮ್ಮಲ್ಲಿ ಕೆಲವರು ಹಿಗ್ಗಬಹುದು. ಸಂವಿಧಾನವು ಆ ಮತವನ್ನು ಮಾಧ್ಯಮಿಕ ಶಾಲೆಗೆ ಕಡಿಮೆಯಲ್ಲದ ಸಂಸ್ಥೆಗಳ ಶಿಕ್ಷಕರಿಗೆ ಮಾತ್ರ ಕೊಟ್ಟಿದೆ. ಅ ಆ ಇ ಈ ಕಲಿಸುವ ನಮಗೆ ಅದು ಇಲ್ಲ. ಇರಲಿ.

ನಮ್ಮ ಶಾಲೆಗಳನ್ನು ನೇರವಾಗಿ ಮುಟ್ಟಿದ ಮಸೂದೆಯೆಂದರೆ ೨೦೨೦ರದು. ಎಲ್ಲ ಮಾಧ್ಯಮಗಳ ಎಲ್ಲ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಮರಾಠಿಯನ್ನು ಕಡ್ಡಾಯ ವಿಷಯವನ್ನಾಗಿ ಮಾಡುವ ಈ ಮಸೂದೆಯನ್ನು ಫೆಬ್ರುವರಿ ೨೬ರಂದು ವಿಧಾನ ಪರಿಷತ್ತು, ಮರುದಿನ ೨೭ರಂದು, ಎಂದರೆ ಮರಾಠಿ ಭಾಷಾ ದಿನದಂದು, ವಿಧಾನಸಭೆ ಅಂಗೀಕರಿಸಿದವು. ೨೦೨೦-೨೧ರಲ್ಲಿ ಒಂದನೆಯ ಹಾಗೂ ಆರನೆಯ ಇಯತ್ತೆಗಳಿಂದ ಆರಂಭಿಸಿ ವರುಷಕ್ಕೊಂದು ಮೆಟ್ಟಿಲಂತೆ ಮೇಲೇರಿಸುವ ಏರ್ಪಾಡು. ಪಾಲಿಸದ ಶಾಲೆಯ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಮರಾಠಿಯನ್ನು ಕಲಿಯಲು ನಮ್ಮ ಮಕ್ಕಳಿಗೆ ಬೇಸರವಿಲ್ಲ. ಸಂತೆಯ ಭಾಷೆ, ಬಸ್ಸಿನ ಭಾಷೆ, ಗೆಳೆಯರ ಭಾಷೆ ಅದು. ಕರ್ನಾಟಕವೂ ೨೦೧೫ರಲ್ಲಿ ತನ್ನ ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕೆಂಬ ಕಾಯದೆಯನ್ನು ಮಾಡಿದೆ. ಆದುದರಿಂದ ನಾವು ದೂರುವದಕ್ಕೆ ಬಾಯಿಲ್ಲ. ಆದರೆ ಕನ್ನಡ ಮಾಧ್ಯಮದ ಆರು ವರುಷದ ಮಗು ಮೂರು ಲಿಪಿಗಳೊಡನೆ ಅಕ್ಷರಾಭ್ಯಾಸಕ್ಕೆ ಕೂಡುವದಾಗಿದ್ದರೆ, ಅದಕ್ಕೆ ಬೇಕಾದ ಹೊತ್ತು, ಪುಸ್ತಕ, ಶಿಕ್ಷಕರು ಎಲ್ಲಿಂದ ಬರಬೇಕೆಂಬುದನ್ನು ಕೇಳಬಹುದಿತ್ತು. ಅದನ್ನು ಕೇಳುವ ಸಮಯ ಫೆಬ್ರುವರಿ ೨೬ಕ್ಕೆ ಮುಂಚೆಯೇ ಇತ್ತು. ನಾವು ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ಮಸೂದೆಯ ಸುದ್ದಿಯನ್ನು ನಾನು ಓದಿದ್ದು ಅದು ಅಂಗೀಕಾರವಾದ ಮೇಲೆ.

ಕೇಳಿದರೆ ಕಿವಿಗೊಡುವವರುಂಟೇ ಎಂದು ಕೆಲವರು ಕೇಳುತ್ತಾರೆ. ಮಹಾರಾಷ್ಟ್ರದ ವಿಶೇಷ ಜನಸುರಕ್ಷಾ ಮಸೂದೆಯ ಪ್ರಸಂಗವನ್ನು ನೋಡಬೇಕು. ಅದರ ಗುಣದೋಷಗಳು ಇಲ್ಲಿ ಬೇಡ. ಅದು ನಡೆದ ದಾರಿ ಮಾತ್ರ ನಮಗೆ ಸಾಕು. ೨೦೨೪ರ ಜುಲೈಯಲ್ಲಿ ಮಂಡಿತವಾಗಿ, ಅಂಗೀಕಾರವಾಗುವ ಮುನ್ನ ವಿಧಾನಸಭೆಯೇ ವಿಸರ್ಜನೆಯಾದುದರಿಂದ ಅದು ಬಿದ್ದುಹೋಯಿತು. ಸಭೆ ಸತ್ತರೆ ಅದರ ಮುಂದಿದ್ದ ಮಸೂದೆಯೂ ಸಾಯುತ್ತದೆ. ಕಾಯದೆಗಿರುವ ಆಯುಷ್ಯ ಮಸೂದೆಗಿಲ್ಲ. ಡಿಸೆಂಬರದಲ್ಲಿ ಮತ್ತೆ ಮಂಡಿಸಿ, ಈ ಸಲ ಎರಡೂ ಸದನಗಳ ಸಂಯುಕ್ತ ಸಮಿತಿಗೆ ಒಪ್ಪಿಸಿದರು. ಸಮಿತಿಯು ಜನರಿಂದ ಸೂಚನೆಗಳನ್ನು ಕರೆದಾಗ ೧೨,೦೦೦ಕ್ಕೂ ಹೆಚ್ಚು ಬಂದವು. ಕೆಲವು ತಿದ್ದುಪಡಿಗಳೊಡನೆ ೨೦೨೫ರ ಜುಲೈಯಲ್ಲಿ ಅದು ಅಂಗೀಕಾರವಾಯಿತು. ಬರೆದವರೆಲ್ಲರ ಮಾತು ನಡೆಯಲಿಲ್ಲವೆಂಬುದು ನಿಜ. ಬರೆಯುವ ಬಾಗಿಲು ಇತ್ತೆಂಬುದೂ ಅಷ್ಟೇ ನಿಜ.

ಜನರು ಮಸೂದೆಯೊಡನೆ ಬೆರೆಸಿಬಿಡುವ ಇನ್ನೆರಡು ಕಾಗದಗಳಿವೆ. ಒಂದು ಸರಕಾರದ ಆದೇಶ. ನಮ್ಮ ಕಡೆಯಲ್ಲಿ ‘ಜಿ.ಆರ್.’ ಎನ್ನುತ್ತೇವೆ. ಇದಕ್ಕೆ ಸದನದ ಮತ ಬೇಕಾಗಿಲ್ಲ. ಆದುದರಿಂದಲೇ ಬರುವದೂ ಬೇಗ, ಹೋಗುವದೂ ಬೇಗ. ಮರಾಠಿ ಹಾಗೂ ಇಂಗ್ಲೀಷ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿಸುವ ಆದೇಶವು ೨೦೨೫ರ ಏಪ್ರಿಲ ೧೬ರಂದು ಹೊರಟು, ಜೂನದಲ್ಲಿ ಒಮ್ಮೆ ತಿದ್ದಲ್ಪಟ್ಟು, ಜನರ ವಿರೋಧದಿಂದ ಜೂನ ೨೯ರಂದು ಹಿಂತೆಗೆಯಲ್ಪಟ್ಟಿತು. ನಮ್ಮಂಥ ಮಾಧ್ಯಮಗಳವರು ಕನ್ನಡ, ಮರಾಠಿ, ಇಂಗ್ಲೀಷು ಎಂದು ಮೊದಲೇ ಮೂರನ್ನು ಹೊತ್ತಿದ್ದೆವು. ಆ ಗದ್ದಲದಲ್ಲಿ ನಮ್ಮನ್ನು ನೆನೆದವರು ಕಡಿಮೆ.

ಇನ್ನೊಂದು, ಸದನದ ನಿರ್ಣಯ. ೨೦೨೨ರ ಡಿಸೆಂಬರ ೨೨ರಂದು ಬೆಳಗಾವಿಯಲ್ಲಿ ಕರ್ನಾಟಕದ ಶಾಸಕರು ಒಂದು ಅಂಗುಲ ನೆಲವನ್ನೂ ಬಿಡೆವೆಂದರು. ಐದು ದಿನ ಕಳೆದು ನಾಗಪುರದಲ್ಲಿ ಮಹಾರಾಷ್ಟ್ರದ ಶಾಸಕರು ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿಗಳೊಡನೆ ೮೬೫ ಊರುಗಳು ತಮ್ಮವೇ ಎಂದರು. ಆ ದಿನಗಳಲ್ಲಿ ಹುಡುಗರು, ಮಾಮನ ಊರು ನಮ್ಮ ರಾಜ್ಯಕ್ಕೆ ಬಂತೇ ಎಂದು ಕೇಳುತ್ತಿದ್ದರು. ನಿರ್ಣಯವೆಂದರೆ ಸದನದ ಇಚ್ಛೆಯ ಘೋಷಣೆ. ಅದರಿಂದ ಗೆರೆ ಒಂದು ಗೇಣೂ ಸರಿಯುವದಿಲ್ಲ. ೧೯೬೭ರ ಮಹಾಜನ ಆಯೋಗದ ವರದಿಯಿಂದಲೂ ಸರಿಯಲಿಲ್ಲ. ಏಕೆಂದರೆ ಅದನ್ನು ಯಾರೂ ಮಸೂದೆಯಾಗಿಸಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ದಾವೆಯನ್ನು ಹೂಡಿದೆ. ಇವುಗಳ ಭೇದವನ್ನು ಬಲ್ಲ ಊರಿನಲ್ಲಿ ಗಾಳಿಸುದ್ದಿಗೆ ಬಸ್ಸಿನ ಗಾಜು ಒಡೆಯುವದು ಕಡಿಮೆಯಾದೀತು.

ಕೊನೆಗೆ, ಸಾಮಾನ್ಯರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಒಂದು ಅನುಚ್ಛೇದವನ್ನು ಹೇಳುತ್ತೇನೆ. ಮೇಲೆ ಹೇಳಿದ ೩೫೦-ಎಗೆ ಹಿಂದಿನದು, ಬರಿಯ ೩೫೦. ಯಾವನೇ ಮನುಷ್ಯನು ತನ್ನ ಕಷ್ಟದ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿಯನ್ನು ಕೊಡಬಹುದೆಂದು ಅದು ಹೇಳುತ್ತದೆ. ಒಂದು ವರುಷ ಮರಾಠಿ ಶಾಲೆಯ ಮಕ್ಕಳು ಎರಡನೆಯ ಪಾಠಕ್ಕೆ ಬಂದರೂ ನಮ್ಮ ಮಕ್ಕಳ ಕನ್ನಡ ಪುಸ್ತಕಗಳು ಬಂದಿರಲಿಲ್ಲ. ಪಾಲಕರು ಕೂಡಿ ಕನ್ನಡದಲ್ಲಿಯೇ ಅರ್ಜಿ ಬರೆದರು. ಅರ್ಧ ಮಂದಿ ಹೆಬ್ಬೆಟ್ಟೊತ್ತಿದರು. ಕಚೇರಿಯ ಗುಮಾಸ್ತರು, “ಮರಾಠಿಯಲ್ಲಿ ಬರೆದು ತನ್ನಿರಿ” ಎಂದು ಹಿಂದಿರುಗಿಸಿದರು. ೩೫೦ನೆಯ ಅನುಚ್ಛೇದವನ್ನು ಮರಾಠಿ ಸಂವಿಧಾನದ ಪುಸ್ತಕದಿಂದ ಒಂದು ಹಾಳೆಯ ಮೇಲೆ ಇಳಿಸಿಕೊಂಡು, ಅರ್ಜಿಗೆ ಹಚ್ಚಿ, ಮರುದಿನ ಮತ್ತೆ ಹೋದೆವು. ಅವರು ಓದಿದರು, ಮೇಲಿನವರ ಕೋಣೆಗೆ ಹೋಗಿ ಬಂದರು, ಆವಕ ವಹಿಯಲ್ಲಿ ಅಂಕೆ ಹಾಕಿ ಪೋಚು ಕೊಟ್ಟರು. ಉತ್ತರ ಮರಾಠಿಯಲ್ಲಿ ಬಂದಿತು. ಪುಸ್ತಕಗಳು ಹದಿನೈದು ದಿನಗಳ ಮೇಲೆ ಬಂದವು. ಗಣಿತದ ಪುಸ್ತಕ ನಾಲ್ಕು ಪ್ರತಿ ಕಡಿಮೆಯಿದ್ದವು.